ಅರಗು ಹಿಡಿಯದ ಬಿರಡೆ

ಫೆಬ್ರವರಿ ೨

ಪತ್ತೇದಾರಮ್ಮನಿಗೆ,

ಈ ಹೆಸರು ನಾನಿಟ್ಟಿದ್ದಲ್ಲ, ನಿನ್ನ ಬಸ್ ಡಿಪೋದವರು ಇಟ್ಟಿದ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮೊದಲ ಸಾಲಿಗೇ ಜಗಳ ಶುರುವಾಗುತ್ತದೆ. ಟಿಕೆಟ್ ತಪಾಸಣೆ ಮಾಡುವವಳ ಜೊತೆ ಹನ್ನೊಂದು ವರ್ಷ ಸಂಸಾರ ಮಾಡಿದವನು ನಾನು. ಜೇಬು ತೋರಿಸು ಅನ್ನುವ ಮೊದಲೇ ತೋರಿಸುವುದು ಅಭ್ಯಾಸವಾಗಿಬಿಟ್ಟಿದೆ.

ಆದ್ದರಿಂದ ತೋರಿಸುತ್ತಿದ್ದೇನೆ. ಈ ತಿಂಗಳು ಊರಿಗೆ ಬರಲಾಗುವುದಿಲ್ಲ. ಮಗಳಿಗೆ ಮಾತು ಕೊಟ್ಟಿದ್ದೆ, ನೆನಪಿದೆ. ಆದರೆ ನಾಟಕ ಮಂದಿರದ ಕೆಲಸ ಅರ್ಧವೂ ಆಗಿಲ್ಲ. ಹಳೆಯ ಬಾಗಿಲುಗಳನ್ನು ಉಜ್ಜಿ, ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಅದರಲ್ಲಿ ಹತ್ತಿ ಉಂಡೆ ಅದ್ದಿ ಹಚ್ಚಬೇಕು. ಒಣಗಿದ ಮೇಲೆ ಮತ್ತೆ ಹಚ್ಚಬೇಕು. ಹಸಿ ಪಾಲಿಶಿನ ಮೇಲೆ ಧೂಳು ಕೂರಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿಸಿದ್ದಾರೆ. ಒಳಗೆ ಸ್ಪಿರಿಟ್ಟಿನ ಆವಿ ಮೂಗು ಸುಡುತ್ತದೆ.

ಅದಕ್ಕೇ ಇರಬೇಕು, ಸ್ವಲ್ಪ ಸುಸ್ತು. ನನ್ನ ಜೊತೆಗಿರುವ ಬಡಗಿ ನಿನಗೆ ಗೊತ್ತಲ್ಲ, ನಮ್ಮ ಮದುವೆಯ ಫೋಟೋಗಳಿಗೆಲ್ಲ ಅಡ್ಡ ನಿಂತವನು, ಅವನು ಮೊನ್ನೆ ನನ್ನ ಮುಖ ನೋಡಿ, "ಏನೋ, ಕಣ್ಣಿಗೂ ಪಾಲಿಶ್ ಹೊಡ್ಕೊಂಡಿದ್ದೀಯಾ? ಹಳದಿ ಆಗಿದೆ ನೋಡು" ಅಂದ. ಮೂತ್ರವೂ ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿದೆ. ನಾನಿರುವ ಮಹಡಿ ಕೋಣೆಯ ಓನರಮ್ಮ ಬಿಸಿ ಸೂಪು ಮಾಡಿ ಕಳಿಸುತ್ತಾರೆ. ನೀನು ಹೆದರಬೇಡ. ಮಗಳಿಗೆ ಹೇಳು, ಮುಂದಿನ ತಿಂಗಳು ಖಂಡಿತ ಬರುತ್ತೇನೆ.

ನಿನ್ನವನು


ಫೆಬ್ರವರಿ ೭

ಮಗಳ ಅಪ್ಪನಿಗೆ,

ಕಾಗದವನ್ನು ಎರಡು ಸಲ ಓದಿದೆ. ಮೊದಲು ಹೆಂಡತಿಯಾಗಿ ಓದಿದೆ, ಆಮೇಲೆ ತಪಾಸಣೆಯವಳಾಗಿ. ಟಿಕೆಟ್ ಇದ್ದವನು ಟಿಕೆಟ್ ತೋರಿಸಿ ಸುಮ್ಮನಾಗುತ್ತಾನೆ. ಇಲ್ಲದವನು ಕಥೆ ಹೇಳುತ್ತಾನೆ. ನೀವು ಕಿಟಕಿ ಮುಚ್ಚಿದ್ದು, ಧೂಳು, ಹತ್ತಿ ಉಂಡೆ ಎಲ್ಲ ಬರೆದಿದ್ದೀರಿ. ಡಾಕ್ಟರ ಹತ್ತಿರ ಹೋದಿರೋ ಇಲ್ಲವೋ ಅದನ್ನು ಮಾತ್ರ ಬರೆದಿಲ್ಲ.

ಇನ್ನೊಂದು. ಬಾಡಿಗೆ ಕೇಳುವ ಓನರಮ್ಮಂದಿರನ್ನು ನೋಡಿದ್ದೇನೆ. ಸೂಪು ಕಳಿಸುವವರನ್ನು ಇದೇ ಮೊದಲು ಕೇಳುತ್ತಿರುವುದು. ಅವರಿಗೆ ಮನೆಯಲ್ಲಿ ಬೇರೆ ಕೆಲಸ ಇಲ್ಲವೇ?

ಹೋದ ಸಲ ನೀವು ಬಂದಾಗಲೇ ನನಗೆ ಏನೋ ಸರಿಯಿಲ್ಲ ಅನ್ನಿಸಿತ್ತು. ಬೆಳಿಗ್ಗೆ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಿರಿ. ಕೇಳಿದ್ದಕ್ಕೆ "ಚಳಿ ಕಣೇ" ಅಂದಿರಿ. ಆ ದಿನ ಚಳಿ ಇರಲಿಲ್ಲ. ಮಗಳು ಮಾತಾಡಿಸಿದರೆ ಬೇರೆ ಕಡೆ ನೋಡುತ್ತಿದ್ದಿರಿ. ನಿಮ್ಮ ಮನಸ್ಸು ಎಲ್ಲೋ ಇತ್ತು.

ಹಳದಿ ಕಣ್ಣು ನನಗೆ ಹೊಸದಲ್ಲ. ನಮ್ಮಪ್ಪನ ಕಣ್ಣು ಕೊನೆಯ ವರ್ಷ ಹಾಗೇ ಇತ್ತು, ಯಾಕೆ ಇತ್ತು ಅನ್ನುವುದು ನಿಮಗೂ ಗೊತ್ತು. ಮದುವೆಗೆ ಮುಂಚೆ ನಾನು ನಿಮ್ಮನ್ನು ಕೇಳಿದ್ದು ಒಂದೇ ಮಾತು. ನೀವು ಬಾಟ್ಲಿ ಮುಟ್ಟಿದ್ದು ಗೊತ್ತಾದ ದಿನ ಮಗು ಇದ್ದರೆ ಮಗುವನ್ನೂ ಎತ್ತಿಕೊಂಡು ಹೊರಟುಹೋಗುತ್ತೇನೆ ಅಂದಿದ್ದೆ. ನಿಮ್ಮ ವಿಷಯದಲ್ಲಿ ಆ ಒಂದು ಚಿಂತೆ ನನಗಿಲ್ಲ, ಆದ್ದರಿಂದ ಉಳಿದ ಚಿಂತೆಗಳಿಗೆ ಬೇಕಾದಷ್ಟು ಜಾಗ ಇದೆ. ನಾಳೆಯೇ ಡಾಕ್ಟರ ಹತ್ತಿರ ಹೋಗಿ.

ಮಗಳ ಅಮ್ಮ


ಆಸ್ಪತ್ರೆಯಿಂದ, ಫೆಬ್ರವರಿ ೧೩

ಪತ್ತೇದಾರಮ್ಮನಿಗೆ,

ನಿನ್ನ ಮಾತು ಕೇಳಿ ಡಾಕ್ಟರ ಹತ್ತಿರ ಹೋದೆ, ಅವರು ನನ್ನನ್ನು ಇಲ್ಲೇ ಇಟ್ಟುಕೊಂಡರು. ಗಾಬರಿಯಾಗಬೇಡ. ಮಹಡಿ ಮೆಟ್ಟಿಲು ಹತ್ತುವಾಗ ನಡುವೆ ಕೂತು ಉಸಿರು ತೆಗೆದುಕೊಳ್ಳುವ ಹಾಗಾಗಿತ್ತು. ಬಲಗಡೆ ಪಕ್ಕೆಲುಬಿನ ಕೆಳಗೆ ನೋವು. ಪರೀಕ್ಷೆ ಮಾಡಿದರೆ ಮೈಯಲ್ಲಿ ಇರಬೇಕಾದ ರಕ್ತದಲ್ಲಿ ಅರ್ಧ ಇಲ್ಲವಂತೆ. ಎಲ್ಲೂ ಸೋರಿಲ್ಲ, ಗಾಯ ಇಲ್ಲ, ಆದರೂ ಇಲ್ಲ.

ಇಲ್ಲಿ ನನಗೆ ಇಬ್ಬರು ಡಾಕ್ಟರು. ದೊಡ್ಡ ಡಾಕ್ಟರು ಹೊಟ್ಟೆ ಕೊಯ್ಯುವವರು. ಪಿತ್ತದ ನಾಳದಲ್ಲಿ ಕಲ್ಲು ಸಿಕ್ಕಿಕೊಂಡಿರಬೇಕು, ಅದಕ್ಕೇ ಕಾಮಾಲೆ, ಸ್ಕ್ಯಾನಿನಲ್ಲಿ ಕಾಣದಿದ್ದರೂ ತೆರೆದು ನೋಡಿದರೆ ಸಿಗುತ್ತದೆ ಅನ್ನುತ್ತಾರೆ. ಚಿಕ್ಕ ಡಾಕ್ಟರಮ್ಮ ಒಪ್ಪುವುದಿಲ್ಲ. ಅವರಿಗೆ ನನ್ನ ರಕ್ತದ ಮೇಲೇ ಅನುಮಾನ. ತೆಗೆದ ರಕ್ತವನ್ನು ಸೀಸೆಯಲ್ಲಿ ನಿಲ್ಲಿಸಿದರೆ ಮೇಲೆ ತಿಳಿನೀರು ನಿಲ್ಲಬೇಕಂತೆ. ನನ್ನದರಲ್ಲಿ ಹಾಲು ನಿಂತಿತ್ತು. ಪರೀಕ್ಷೆ ಮಾಡುವವನು ಕೆಟ್ಟ ಸ್ಯಾಂಪಲ್ ಎಂದು ಚೆಲ್ಲಿದ. ಮತ್ತೆ ತೆಗೆಸಿದರು, ಮತ್ತೆ ಹಾಲು.

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತು, "ಕುಡೀತೀರಾ?" ಅಂದರು.

"ನಮ್ಮನೇಲಿ ಅದರ ಹೆಸರೂ ಎತ್ತೋ ಹಾಗಿಲ್ಲ ಮೇಡಂ."

"ಮನೇಲಿ ಇಲ್ಲ ಸರಿ. ಮತ್ತೆ ಈ ವಾಸನೆ?"

"ಪಾಲಿಶ್ ಸ್ಪಿರಿಟ್ಟು. ಚರ್ಮಕ್ಕೇ ಹತ್ತಿಬಿಟ್ಟಿದೆ."

ಸರಿ ಎಂದು ಬರೆದುಕೊಂಡರು. ನಿನ್ನ ಮರ್ಯಾದೆ ಉಳಿಸಿದೆ ನೋಡು. ಬಡಗಿ ದಿನಾ ಸಂಜೆ ಓನರಮ್ಮನ ಸೂಪನ್ನು ಫ್ಲಾಸ್ಕಿನಲ್ಲಿ ತರುತ್ತಾನೆ. ಅವನು ಹದಿನಾರಕ್ಕೆ ನಿಮ್ಮ ಕಡೆ ಇರುವ ತಂಗಿ ಮನೆಗೆ ಹೊರಟಿದ್ದಾನೆ, ಒಂದು ವಾರ ಇರುತ್ತಾನೆ. ಬಂದರೆ ಚಹಾ ಕೊಡು, ಮಾತಿಗೆ ಕೂರಿಸಿಕೊಳ್ಳಬೇಡ, ಅವನ ಬಾಯಿಗೆ ಬಾಗಿಲಿಲ್ಲ.

ನಿನ್ನವನು


ಫೆಬ್ರವರಿ ೧೯

ಕೇಳು,

ಕೈ ಸರಿಯಿಲ್ಲ, ಅಕ್ಷರ ಹೀಗಿದೆ, ತಪ್ಪು ತಿಳಿಯಬೇಡ. ಎದೆ ಬಡಿದುಕೊಳ್ಳುತ್ತಿದೆ. ನಿದ್ದೆ ಇಲ್ಲ. ವಾರ್ಡಿನ ಗೋಡೆಯ ತುಂಬ ಇರುವೆ. ನರ್ಸಿಗೆ ಹೇಳಿದರೆ, "ಒಂದೂ ಇಲ್ಲ, ಮಲಕ್ಕೊಳ್ಳಿ" ಅನ್ನುತ್ತಾಳೆ. ಡಾಕ್ಟರಮ್ಮ ಬಂದು ಮತ್ತೆ ಅದೇ ಪ್ರಶ್ನೆ ಕೇಳಿದರು. ನಾನು ಮತ್ತೆ ಅದೇ ಉತ್ತರ ಕೊಟ್ಟೆ. ದೊಡ್ಡ ಡಾಕ್ಟರು ಜ್ವರ ತಲೆಗೇರಿದೆ ಅಂದರು.

ಬರೆಯುತ್ತಿರುವುದು ಇದಕ್ಕಲ್ಲ. ಓನರಮ್ಮ ಕೋಣೆಯನ್ನು ಬೇರೆಯವರಿಗೆ ಕೊಟ್ಟಿದ್ದಾರೆ. ನನ್ನ ಟ್ರಂಕನ್ನು ನನಗೆ ಹೇಳದೆ ಬಡಗಿಯ ಜೊತೆ ಬಸ್ಸಿಗೆ ಹಾಕಿಸಿದ್ದಾರೆ. ಅದನ್ನು ತೆಗೆಯಬೇಡ. ಒಳಗೆ ಸ್ಪಿರಿಟ್, ರಾಸಾಯನಿಕ, ಏನೇನೋ ಇದೆ, ಬೆಂಕಿ ತಗುಲಿದರೆ ಕಷ್ಟ. ಬೀಗದ ಕೈ ನನ್ನ ಹತ್ತಿರವೇ ಇದೆ. ಅಟ್ಟದ ಮೇಲೆ ಇಟ್ಟುಬಿಡು. ಮಗಳ ಆಣೆ, ತೆಗೆಯಬೇಡ.


ಫೆಬ್ರವರಿ ೨೩

ನಿಮಗೆ,

ನಿಮ್ಮ ಅಕ್ಷರವನ್ನು ಬೆಳಕಿಗೆ ಹಿಡಿದು ಓದಬೇಕಾಯಿತು. ಮಗಳು, "ಅಪ್ಪ ಎಡಗೈಯಲ್ಲಿ ಬರೆದಿದ್ದಾರಾ?" ಅಂದಳು. ಹೌದು ಅಂದೆ. ಅವಳ ಪರೀಕ್ಷೆ ನಡೆಯುತ್ತಿದೆ, ಬಿಟ್ಟು ಬರಲು ಇಲ್ಲಿ ನಮ್ಮವರು ಅನ್ನುವವರು ಯಾರೂ ಇಲ್ಲ. ರಜೆಗೆ ಅರ್ಜಿ ಹಾಕಿದ್ದೇನೆ, ಮೇಲಿನವರು ಕೊಡುವ ಮನಸ್ಸಿನಲ್ಲಿಲ್ಲ.

ಟ್ರಂಕು ಬಂದಿದೆ. ಬೀಗ ಹಾಗೇ ಇದೆ.

ಆದರೆ ಒಂದು ಮಾತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ. ಟ್ರಂಕು ತೆಗೆಯುತ್ತೇನೆ ಎಂದು ನಾನು ಹೇಳಿಯೇ ಇರಲಿಲ್ಲ. ಇರುವೆ ಕಾಣುವಷ್ಟು ಜ್ವರ ಬಂದವನಿಗೆ ಟ್ರಂಕಿನ ಚಿಂತೆ ಯಾಕೆ? ಹನ್ನೊಂದು ವರ್ಷದಿಂದ ಸ್ಪಿರಿಟ್ ಡಬ್ಬಗಳು ನನ್ನ ಒಲೆಯ ಪಕ್ಕದಲ್ಲೇ ಇದ್ದವು. ಆಗ ಬೆಂಕಿಯ ಭಯ ನನಗಿತ್ತು, ನಿಮಗಿರಲಿಲ್ಲ.

ನಿಮ್ಮ ಬಡಗಿಯನ್ನು ಮಾತಿಗೆ ಕೂರಿಸಿಕೊಂಡೆ. ಬೇಡ ಅಂದಿದ್ದಿರಿ, ಅದಕ್ಕೇ ಕೂರಿಸಿಕೊಂಡೆ. "ಓನರಮ್ಮ ಹೇಗಿದ್ದಾರೆ?" ಎಂದು ಕೇಳಿದೆ. "ಚೆನ್ನಾಗಿದ್ದಾರೆ ಅಕ್ಕ" ಅಂದ. "ದಿನಾ ಸೂಪು ಕಳಿಸ್ತಾರಂತೆ?" ಅಂದೆ. ಕುಡಿಯುತ್ತಿದ್ದ ಚಹಾ ನೆತ್ತಿಗೆ ಹತ್ತಿತು ಅವನಿಗೆ. ಆಮೇಲೆ ಕಿಟಕಿಯಾಚೆ ನೋಡುತ್ತಾ ಕೂತ. ಆ ನೋಟ ನನಗೆ ಗೊತ್ತು, ದಿನಾ ಬಸ್ಸಿನಲ್ಲಿ ನೋಡುತ್ತೇನೆ.

ಟ್ರಂಕಿನ ಮೇಲೆ ನಿಮ್ಮ ಶಾಲು ಕಟ್ಟಿ ಕಳಿಸಿದ್ದರು. ಎಷ್ಟು ಚಂದ ಮಡಚಿದ್ದಾರೆ. ನಾನು ಕೂಡ ಅಷ್ಟು ಚಂದ ಮಡಚುವುದಿಲ್ಲ. ಅವರಿಗೂ ನಿಮಗೂ ಏನಾದರೂ ಇದೆಯಾ? ನೇರವಾಗಿ ಬರೆಯಿರಿ.


ಫೆಬ್ರವರಿ ೨೮

ಪತ್ತೇದಾರಮ್ಮನಿಗೆ,

ಅಕ್ಷರ ನೋಡು, ಮುತ್ತಿನ ಹಾಗಿದೆ. ಇರುವೆಗಳು ಮಾಯವಾದವು. ಕಣ್ಣಿನ ಹಳದಿ ಇಳಿದಿದೆ, ರಕ್ತ ತಾನಾಗಿ ಏರುತ್ತಿದೆ. ಡಾಕ್ಟರಮ್ಮನಿಗೆ ಆಶ್ಚರ್ಯ. "ನಾವು ಹೊಸ ಔಷಧಿ ಏನೂ ಕೊಟ್ಟಿಲ್ಲ, ಈ ವಾರ ಏನು ಬದಲಾಯ್ತು ಹೇಳಿ" ಅಂದರು. ನನ್ನ ಹೆಂಡತಿಯ ಕಾಗದ ಬರುವುದು ನಿಂತಿತ್ತು ಮೇಡಂ ಎಂದು ತಮಾಷೆ ಮಾಡಿದೆ. ಅವರು ನಗಲಿಲ್ಲ. ಆಪರೇಷನ್ ಬೇಡವಾಗಬಹುದು ಅನ್ನುತ್ತಾರೆ.

ಬಡಗಿ ವಾಪಸು ಬಂದ, ನೀನು ಕೊಟ್ಟ ಚಹಾವನ್ನು ಹೊಗಳಿದ. ಫ್ಲಾಸ್ಕೂ ಮತ್ತೆ ಬರುತ್ತಿದೆ. ಮಗಳಿಗೆ ಲೆಕ್ಕದ ಪರೀಕ್ಷೆ ಹೇಗಾಯಿತು? ಅವಳಿಗೆ ಭಾಗಾಕಾರ ಹೇಳಿಕೊಡಲು ನಾನಿಲ್ಲದೆ ನೀನೇ ಕೂತಿರುತ್ತೀಯ, ಪಾಪ ಅವಳು.

ಟ್ರಂಕಿನ ವಿಷಯ, ಶಾಲಿನ ವಿಷಯ ಎಲ್ಲ ಬಂದ ಮೇಲೆ ಮಾತಾಡೋಣ.

ನಿನ್ನವನು


ಮಾರ್ಚ್ ೩

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯಬೇಡಿ. ನಾನು ಕೇಳಿದ್ದಕ್ಕೆ ಉತ್ತರ ಹೌದು ಅಥವಾ ಇಲ್ಲ. ಎರಡರಲ್ಲಿ ಒಂದು ಬರೆಯುವುದಕ್ಕೆ ಒಂದು ಕಾರ್ಡು ಸಾಕು. ಉತ್ತರ ಬರುವವರೆಗೆ ಮಗಳ ಪರೀಕ್ಷೆಯ ಸುದ್ದಿ ಕಳಿಸುವುದಿಲ್ಲ.


ಮಾರ್ಚ್ ೭

ನಿನಗೆ,

ಮತ್ತೆ ಕೆಳಗೆ ಬಿದ್ದಿದ್ದೇನೆ. ನಾಲ್ಕು ದಿನದಿಂದ ಕಣ್ಣು ಮೊದಲಿಗಿಂತ ಹಳದಿ. ರಕ್ತ ಇಳಿಯಿತು, ಎರಡು ಬಾಟ್ಲಿ ಬೇರೆಯವರ ರಕ್ತ ಏರಿಸಿದರು. ಸೀಸೆಯಲ್ಲಿ ಮತ್ತೆ ಹಾಲು. ದೊಡ್ಡ ಡಾಕ್ಟರು, "ಕಲ್ಲು ಅಂದ್ರೆ ಹೀಗೇ, ಸರಿಯುತ್ತೆ, ಮತ್ತೆ ಸಿಕ್ಕಿಕೊಳ್ಳುತ್ತೆ. ಇನ್ನು ಕಾಯೋದ್ರಲ್ಲಿ ಅರ್ಥ ಇಲ್ಲ" ಅಂದರು. ಹದಿನೈದನೇ ತಾರೀಖು ಹೊಟ್ಟೆ ತೆರೆಯುತ್ತಾರೆ. ಡಾಕ್ಟರಮ್ಮ ನನ್ನ ಮಂಚದ ಹತ್ತಿರವೇ ಅವರ ಜೊತೆ ವಾದ ಮಾಡಿದರು. ಈ ರಕ್ತದಲ್ಲಿ ಕೊಯ್ದರೆ ಮೇಜಿನ ಮೇಲಿಂದ ಏಳುವುದು ಕಷ್ಟ ಅಂದರು. ಆಮೇಲೆ ನನ್ನ ಕಡೆ ತಿರುಗಿ ಮನೆಯವರ ವಿಳಾಸ ಕೇಳಿದರು. ಕೊಡಲಿಲ್ಲ.

ಏಳದೇ ಹೋದರೆ ನಿನಗೆ ಒಂದು ಉತ್ತರವಾದರೂ ಇರಲಿ. ಹೌದು. ನೀನು ಅಂದುಕೊಂಡಿದ್ದು ನಿಜ. ಇಲ್ಲಿ ಒಂದು ಸಂಬಂಧ ಇದೆ. ಓನರಮ್ಮ. ಒಂಟಿ ಹೆಂಗಸು, ನಾನೂ ಒಂಟಿ, ದೂರದ ಊರು. ಸೂಪಿನಿಂದ ಶುರುವಾಯಿತು. ಮಹಡಿಯ ಮೆಟ್ಟಿಲು, ಸಂಜೆಯ ಹೊತ್ತು, ಏನೆಂದು ಹೇಳಲಿ. ಟ್ರಂಕಿನಲ್ಲಿ ಅವರ ಕೆಲವು ಸಾಮಾನು ಇವೆ, ಅದಕ್ಕೇ ಬೇಡ ಅಂದಿದ್ದೆ. ಹೋದ ಸಲ ನಾನು ಮಗಳ ಮುಖ ನೋಡದೆ ಕೂತಿದ್ದೂ ಅದಕ್ಕೇ. ಬೈಯಿ, ಶಾಪ ಹಾಕು, ಎಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತೇನೆ. ಇಲ್ಲಿಗೆ ಬರಬೇಡ. ಮಗಳಿಗೆ ಏನೂ ಹೇಳಬೇಡ.


ಮಾರ್ಚ್ ೧೧

ನಿಮ್ಮ ಕಾಗದ ಓದಿ ಅತ್ತೆ. ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಮಗಳು ಬರುವ ಹೊತ್ತಾಯಿತೆಂದು ಎದ್ದು ಮುಖ ತೊಳೆದುಕೊಂಡು, ಮತ್ತೆ ಓದಿದೆ. ಈ ಸಲ ತಪಾಸಣೆಯವಳಾಗಿ.

ನೀವು ಬಡಗಿಯ ಮಾತನ್ನು ಅವನು ಆಡಿದ ಹಾಗೇ ಬರೆಯುತ್ತೀರಿ. ಡಾಕ್ಟರಮ್ಮ ಕುರ್ಚಿ ಎಳೆದುಕೊಂಡಿದ್ದನ್ನೂ ಬರೆಯುತ್ತೀರಿ. ನಿಮ್ಮ ಈ ಹೆಂಗಸು ಮಾತ್ರ ಇಡೀ ಕಾಗದದಲ್ಲಿ ಒಂದು ಮಾತೂ ಆಡಿಲ್ಲ. ಇದ್ದವಳಾಗಿದ್ದರೆ ಒಂದು ಸಲವಾದರೂ "ಸೂಪಿಗೆ ಉಪ್ಪು ಸಾಕಾ?" ಅಂದಿರುತ್ತಿದ್ದಳು. ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ, ನಿಮ್ಮ ಸುಳ್ಳಿಗೆ ಬಾಯಿಯೂ ಇಲ್ಲ. ಅಲ್ಲೇ ನನಗೆ ಎಡವಿದ ಹಾಗಾಯಿತು. ಆದರೆ ಹೆಂಗಸಿಲ್ಲದಿದ್ದರೆ ಮುಚ್ಚಿಡುತ್ತಿರುವುದು ಏನು ಎಂದು ಹೊಳೆಯಲಿಲ್ಲ.

ಟ್ರಂಕಿನ ಬೀಗ ಹಾಗೇ ಇದೆ ಎಂದು ಬರೆದಿದ್ದೆ. ನಿಜವೇ. ಮುಚ್ಚಳದ ಹಿಂದಿನ ಕೀಲುಗಳ ಕಡ್ಡಿಗಳನ್ನು ಎಳೆದು ತೆಗೆದಿದ್ದೆ, ಬಂದ ದಿನವೇ. ಹೆಂಗಸಿನ ಕೂದಲು, ಪಿನ್ನು, ಕರವಸ್ತ್ರ ಏನಾದರೂ ಸಿಗುತ್ತದೆಂದು ಅಂಗಿಯ ಹೊಲಿಗೆ ಬಿಡದೆ ಹುಡುಕಿದೆ. ನಾಲ್ಕು ಸ್ಪಿರಿಟ್ ಬಾಟ್ಲಿ ಇದ್ದವು, ಅಡ್ಡ ಬರುತ್ತವೆಂದು ಎತ್ತಿ ಪಕ್ಕಕ್ಕಿಟ್ಟೆ. ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ ಅನ್ನುತ್ತಾರಲ್ಲ, ಕಾಮಾಲೆ ನಿಮಗೆ, ಕಣ್ಣು ನನ್ನದು.

ನಿನ್ನೆ ಮಗಳ ಯೂನಿಫಾರ್ಮಿನ ಮೇಲೆ ಶಾಯಿ ಚೆಲ್ಲಿತು. ಸ್ಪಿರಿಟ್ಟಿನಲ್ಲಿ ಹೋಗುತ್ತದೆಂದು ಆ ಬಾಟ್ಲಿಗಳನ್ನು ತೆಗೆದುಕೊಂಡೆ. ನಿಮ್ಮ ಬಾಟ್ಲಿಗಳು ನನಗೆ ಗೊತ್ತಿಲ್ಲವೇ? ಅರಗು ಮೆತ್ತಿದ ಕೈಯಲ್ಲಿ ಮುಟ್ಟಿ ಮುಟ್ಟಿ ಬಾಟ್ಲಿಯ ತುಂಬ ಕಂದು ಬೆರಳಚ್ಚು, ಅರಗು ಒಣಗಿ ಬಿರಡೆ ಕಲ್ಲಿನ ಹಾಗೆ ಕಚ್ಚಿಕೊಂಡಿರುತ್ತದೆ. ಇಕ್ಕಳ ಇಲ್ಲದೆ ಯಾವತ್ತೂ ತೆಗೆದಿಲ್ಲ. ಮೂರು ಬಾಟ್ಲಿ ಹಾಗೇ ಇದ್ದವು. ನಾಲ್ಕನೆಯದನ್ನು ಇಕ್ಕಳದಲ್ಲಿ ಹಿಡಿದು ಜೋರಾಗಿ ಎಳೆದೆ. ಬಿರಡೆ ಸುಲಭವಾಗಿ ಬಂದುಬಿಟ್ಟಿತು, ನಾನು ಹಿಂದಕ್ಕೆ ಬಿದ್ದೆ. ಗಾಜಿನ ಮೇಲೆ ಒಂದು ಕಲೆ ಇಲ್ಲ. ಇದನ್ನು ನೀವು ಕೆಲಸದ ಕೈಯಲ್ಲಿ ಒಂದು ದಿನವೂ ಮುಟ್ಟಿಲ್ಲ. ಸೋಪು ಹಾಕಿ ಕೈ ತೊಳೆದುಕೊಂಡು ಮುಟ್ಟಿದ್ದೀರಿ. ಮೂಸಿ ನೋಡಿದೆ. ನಮ್ಮಪ್ಪ ಬಂದು ಎದುರಿಗೆ ನಿಂತ ಹಾಗಾಯಿತು.

ಆಮೇಲೆ ಎಲ್ಲ ಒಂದರ ಹಿಂದೆ ಒಂದು ಬಂತು. ಎರಡು ಕೈಯಲ್ಲಿ ಹಿಡಿದ ಲೋಟ. ಅಪ್ಪನೂ ಬೆಳಿಗ್ಗೆ ಹಾಗೇ ಹಿಡಿಯುತ್ತಿದ್ದ. ಗೋಡೆಯ ಮೇಲಿನ ಇರುವೆ. ಅಪ್ಪನಿಗೆ ಜೇಡ ಕಾಣುತ್ತಿತ್ತು. ನಿಮ್ಮ ಅಂಗಿ, ದಿಂಬು, ಉಸಿರು ಎಲ್ಲಕ್ಕೂ ಸ್ಪಿರಿಟ್ ವಾಸನೆ ಅಂದುಕೊಂಡು ಹನ್ನೊಂದು ವರ್ಷ ಪಕ್ಕದಲ್ಲಿ ಮಲಗಿದ್ದೇನೆ. ಕುಡುಕನ ಮಗಳು ನಾನು, ನನ್ನ ಮೂಗಿಗೇ ಪಾಲಿಶ್ ಹೊಡೆದಿರಲ್ಲ.

ಆ ಫ್ಲಾಸ್ಕು. ಬಡಗಿ ನಮ್ಮ ಕಡೆ ಇದ್ದ ವಾರ ನಿಮಗೆ ಇರುವೆ ಕಂಡವು, ಆಮೇಲೆ ಕಣ್ಣು ತಿಳಿಯಾಯಿತು, ರಕ್ತ ಏರಿತು. ಅವನು ವಾಪಸು ಬಂದ, ಫ್ಲಾಸ್ಕು ಬಂತು, ನೀವು ಮತ್ತೆ ಬಿದ್ದಿರಿ. ನಿಮ್ಮದೇ ಕಾಗದಗಳ ತಾರೀಖು ನೋಡಿ. ಅದು ಸೂಪಲ್ಲ.

ಬೆಳಿಗ್ಗೆ ಡಿಪೋದ ಫೋನಿನಿಂದ ಆಸ್ಪತ್ರೆಗೆ ಮಾಡಿಸಿ ಡಾಕ್ಟರಮ್ಮನನ್ನು ಕೇಳಿದೆ. ಸುತ್ತ ಕಂಡಕ್ಟರುಗಳು ನಿಂತಿದ್ದರು. ಎಲ್ಲರೆದುರಿಗೆ ಹೇಳಿದೆ, "ನನ್ನ ಗಂಡ ಕುಡೀತಾರೆ. ಈಗಲೂ ಕುಡೀತಿದ್ದಾರೆ, ನಿಮ್ಮ ವಾರ್ಡಿನಲ್ಲೇ." ಅವರು, "ಇದನ್ನು ಹೇಳೋರು ಒಬ್ಬರು ಬೇಕಾಗಿತ್ತು ಅಮ್ಮ" ಅಂದರು. ಕುಡಿತದಿಂದ ಲಿವರಿನಲ್ಲಿ ಕೊಬ್ಬು ತುಂಬಿ, ರಕ್ತದಲ್ಲೂ ಕೊಬ್ಬು ಏರಿ, ಕೆಂಪು ಕಣಗಳು ಒಡೆದುಹೋಗುತ್ತವಂತೆ. ಒಡೆದ ಕಣಗಳ ಬಣ್ಣವೂ ಸೇರಿ ಕಣ್ಣು ಹಳದಿಯಾಗುತ್ತದಂತೆ. ಕಾಮಾಲೆ, ರಕ್ತಹೀನತೆ, ಹಾಲಿನಂಥ ರಕ್ತ ಮೂರೂ ಒಟ್ಟಿಗೆ ಬಂದರೆ ಅದಕ್ಕೆ ಝೀವ್ ಸಿಂಡ್ರೋಮ್ ಎಂದು ಹೆಸರು, ಅಪರೂಪವಂತೆ. ಅವರು ಮೊದಲ ದಿನವೇ ಅಂದುಕೊಂಡಿದ್ದರು, ನೀವು ಇಲ್ಲ ಇಲ್ಲ ಅಂದಿರಿ. ಕಲ್ಲೂ ಇಲ್ಲ, ಕೊಯ್ಯುವುದೂ ಬೇಡ. ಕುಡಿಯುವುದನ್ನು ನಿಲ್ಲಿಸುವುದೇ ಔಷಧಿ.

ಫೋನ್ ಇಡುವ ಮೊದಲು ಕೇಳಿದೆ, "ಆ ಓನರಮ್ಮ ಬರ್ತಾರಾ ಅಲ್ಲಿಗೆ?" ಅವರು, "ಆ ಅಜ್ಜೀನಾ? ಒಂದು ಸಲ ಕೋಲು ಊರಿಕೊಂಡು ಬಂದಿದ್ದರು. ಕಿವಿ ಕೇಳಲ್ಲ, ಪಕ್ಕದ ಮಂಚದವರನ್ನು ಮಾತಾಡಿಸಿ ಹೋದರು" ಅಂದರು.

ರಜೆ ಸಿಕ್ಕಿತ್ತು, ನಾಳೆ ಹೊರಡುವವಳಿದ್ದೆ. ಈಗ ಬರುವುದಿಲ್ಲ.


ಮಾರ್ಚ್ ೧೯

ನಿನಗೆ,

ಹೇಗೆ ಕರೆಯಬೇಕೆಂದು ಗೊತ್ತಾಗದೆ ಮೂರು ಹಾಳೆ ಹರಿದೆ.

ನೀನು ಫೋನ್ ಮಾಡಿದ ದಿನ ಸಂಜೆ ಡಾಕ್ಟರಮ್ಮ ಬಡಗಿ ಬರುವ ಹೊತ್ತಿಗೇ ಬಂದು ನಿಂತರು. ಫ್ಲಾಸ್ಕನ್ನು ಅವನ ಕೈಯಿಂದ ತೆಗೆದುಕೊಂಡು ಮೂಸಿ, ತೊಟ್ಟಿಗೆ ಸುರಿದರು. ಬಡಗಿ ಮಗುವಿನ ಹಾಗೆ ಅತ್ತ. "ಇವನ ಕೈ ನಡುಗೋದು ನೋಡಕ್ಕಾಗ್ತಿರಲಿಲ್ಲ ಮೇಡಂ" ಅಂದ. ನಾನು ಅಳಲಿಲ್ಲ. ನನಗೆ ನಿನ್ನ ಮೇಲೆ ಸಿಟ್ಟಿತ್ತು. ಡಾಕ್ಟರಮ್ಮನಿಗೆ ಹೇಳಿಬಿಟ್ಟೆಯಲ್ಲ ಎಂದು ಇಡೀ ರಾತ್ರಿ ಹಲ್ಲು ಕಚ್ಚಿಕೊಂಡಿದ್ದೆ. ಆಮೇಲೆ ಮತ್ತೆ ನಡುಕ, ಬೆವರು. ಈ ಸಲ ಏನೆಂದು ಗೊತ್ತಿದ್ದರಿಂದ ಅದಕ್ಕೆ ತಕ್ಕ ಔಷಧಿ ಕೊಟ್ಟರು, ಇರುವೆಗಳು ಬರಲಿಲ್ಲ.

ದೊಡ್ಡ ಡಾಕ್ಟರು ಆಪರೇಷನ್ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಮುಂದಿನ ಮಂಚಕ್ಕೆ ಹೋದರು. ಇವತ್ತು ಡಾಕ್ಟರಮ್ಮ ಸೀಸೆ ತಂದು ತೋರಿಸಿದರು. ಮೇಲೆ ತಿಳಿಯಾಗಿತ್ತು. ರಕ್ತ ಏರುತ್ತಿದೆ. ಲಿವರಿನ ಊತ ಇಳಿಯಲು ಇನ್ನೂ ವಾರಗಳು ಬೇಕಂತೆ. ಹದಿನೈದು ದಿನಕ್ಕೊಮ್ಮೆ ರಕ್ತ ತೋರಿಸಬೇಕು, ಕೊಬ್ಬು ಬಿಡಬೇಕು, ಚೆನ್ನಾಗಿ ತಿನ್ನಬೇಕು. ಕುಡಿತ ಒಂದು ಹನಿಯೂ ಇಲ್ಲ. "ಮತ್ತೆ ಮುಟ್ಟಿದ್ರೆ ಇದೇ ಮತ್ತೆ ಬರುತ್ತೆ. ಆಗ ಲಿವರ್ ನಮ್ಮ ಮಾತು ಕೇಳಲ್ಲ" ಅಂದರು.

ಪಾಲಿಶ್ ಸ್ಪಿರಿಟ್ಟನ್ನು ಯಾವತ್ತೂ ಕುಡಿದಿಲ್ಲ, ಅದು ಕಣ್ಣು ತೆಗೆಯುತ್ತದೆ. ಕುಡಿದಿದ್ದೆಲ್ಲ ಅಂಗಡಿಯದ್ದೇ. ಮೊದಲು ಕೆಲಸ ಮುಗಿದ ಮೇಲೆ ಸ್ವಲ್ಪ, ಹೋದ ಎರಡು ವರ್ಷದಿಂದ ಕೆಲಸ ಶುರುವಾಗುವ ಮೊದಲೂ. ವಾಸನೆ ಬರುತ್ತದೆಂಬ ಭಯವಿಲ್ಲದ ಕುಡುಕ ಇಡೀ ಊರಿಗೆ ನಾನೊಬ್ಬನೇ ಇದ್ದೆ.

ಓನರಮ್ಮನ ಕಥೆ ಯಾಕೆ ಕಟ್ಟಿದೆ ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಹೆಂಗಸು ಅಂದರೆ ನೀನು ಜಗಳವಾಡುತ್ತೀಯ, ಅಳುತ್ತೀಯ, ಬಂದು ಆ ಹೆಂಗಸಿನ ಜುಟ್ಟು ಹಿಡಿಯುತ್ತೀಯ. ಬಾಟ್ಲಿ ಅಂದರೆ ಮಗಳನ್ನು ಕರೆದುಕೊಂಡು ಹೊರಟುಹೋಗುತ್ತೀಯ. ನಾನು ಜಗಳವನ್ನು ಆರಿಸಿಕೊಂಡೆ. ಹೊಟ್ಟೆ ಕೊಯ್ಯಿಸಿಕೊಳ್ಳುವುದನ್ನೂ ಅದಕ್ಕೇ ಆರಿಸಿಕೊಂಡಿದ್ದೆ.

ಮುಂದಿನ ವಾರ ಬಿಡುತ್ತಾರೆ. ಎಲ್ಲಿಗೆ ಹೋಗುತ್ತೀರಿ ಎಂದು ನರ್ಸು ಕೇಳಿದಳು. ನೀವಿಬ್ಬರೂ ಅದೇ ಮನೆಯಲ್ಲಿದ್ದೀರಾ?


ಮಾರ್ಚ್ ೨೬

ಮಗಳ ಅಪ್ಪನಿಗೆ,

ಇದೇ ಮನೆಯಲ್ಲಿದ್ದೇವೆ. ನಿಮ್ಮ ಲೆಕ್ಕ ಸರಿಯಾಗಿಯೇ ಇತ್ತು, ಹೊರಟುಹೋಗಬೇಕೆಂದು ಪೆಟ್ಟಿಗೆ ಇಳಿಸಿದ್ದೆ. ಮಗಳು ಅದರೊಳಗೆ ಕೂತು ಭಾಗಾಕಾರ ಮಾಡುತ್ತಿದ್ದಳು. ಏಳು ಅಂದೆ, "ಅಪ್ಪ ಬಂದ ಮೇಲೆ ಏಳ್ತೀನಿ" ಅಂದಳು. ಅವಳಿಗೆ ಏನೂ ಹೇಳಬೇಡ ಅಂದಿದ್ದಿರಿ. ಎಲ್ಲ ಹೇಳಿದ್ದೇನೆ. ನನಗೆ ಚಿಕ್ಕವಳಿದ್ದಾಗ ಯಾರೂ ಹೇಳಿರಲಿಲ್ಲ, ಅಪ್ಪನಿಗೆ ಜೇಡ ಕಂಡರೆ ನಾನೂ ಕಸಬರಿಕೆ ಹಿಡಿದು ಹುಡುಕುತ್ತಿದ್ದೆ. ಲೆಕ್ಕದಲ್ಲಿ ಅವಳು ಪಾಸು.

ಎಲ್ಲ ಮರೆತಿದ್ದೇನೆ ಎಂದು ತಿಳಿಯಬೇಡಿ. ಬೇರೆ ಹೆಂಗಸನ್ನು ಕ್ಷಮಿಸುತ್ತೇನೆ, ನಿಮ್ಮ ಕಾಯಿಲೆಯನ್ನು ಕ್ಷಮಿಸುವುದಿಲ್ಲ ಅಂದುಕೊಂಡಿರಲ್ಲ, ಅದು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದೆ. ಹಾಗೆ ಅಂದುಕೊಳ್ಳುವಂತೆ ಮಾಡಿದವಳು ನಾನೇ ಇರಬಹುದು, ಅದೂ ಕೂತಿದೆ. ಎರಡೂ ಇರಲಿ.

ನಂಬಿಕೆ ಇದೆಯಾ ಎಂದು ಕೇಳಬೇಡಿ, ಇಲ್ಲ. ದಿನಾ ಬಾಗಿಲಲ್ಲಿ ಉಸಿರು ಮೂಸುತ್ತೇನೆ. ನಿಮ್ಮ ಉಸಿರಿನ ನಿಜವಾದ ವಾಸನೆ ಏನೆಂದು ನನಗಿನ್ನೂ ಗೊತ್ತಿಲ್ಲ, ಕಲಿಯಬೇಕು. ಹದಿನೈದು ದಿನಕ್ಕೊಮ್ಮೆ ರಕ್ತ ಕೊಡುವಾಗ ನಾನೂ ಬರುತ್ತೇನೆ, ಸೀಸೆಯನ್ನು ನನ್ನ ಕಣ್ಣಿನಿಂದಲೇ ನೋಡುತ್ತೇನೆ. ಬಡಗಿ ನಮ್ಮ ಮನೆಗೆ ಬರಬಹುದು, ಫ್ಲಾಸ್ಕು ಬರಬಾರದು.

ಆ ನಾಲ್ಕನೆಯ ಬಾಟ್ಲಿಯನ್ನು ಒಡೆಯಬೇಕೆಂದು ಕೈಯಲ್ಲಿ ಹಿಡಿದಿದ್ದೆ, ಒಡೆಯಲಿಲ್ಲ. ತೊಳೆದು ಒಣಗಿಸಿ, ನಿಮ್ಮ ಕೆಲಸದ ಕಪಾಟಿನಲ್ಲಿ ಉಳಿದ ಮೂರರ ಪಕ್ಕ ಇಟ್ಟಿದ್ದೇನೆ. ಬಂದ ಮೇಲೆ ಅದಕ್ಕೂ ಪಾಲಿಶ್ ತುಂಬಿ, ಅರಗು ಮೆತ್ತಿದ ಕೈಯಲ್ಲೇ ದಿನಾ ಮುಟ್ಟಿ. ಪ್ರತಿ ಭಾನುವಾರ ನಾನು ಅದರ ಬಿರಡೆಯನ್ನು ತಿರುಗಿಸಿ ನೋಡುತ್ತೇನೆ. ಅರಗು ಹಿಡಿದು ನನ್ನ ಕೈಗೆ ಬರದಿದ್ದರೆ ಒಳಗೆ ಬಂದು ಊಟ ಬಡಿಸುತ್ತೇನೆ.

ಪತ್ತೇದಾರಮ್ಮ